ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುವವರಿಗೆ: ಮೊದಲು ಸ್ಕೇಲ್ ಕೇಳಿ

ಹಗಲು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ, ಸಂಜೆ ಯಾರಾದರೂ ಕರೆದರೆ ಬೇಸ್ ಗಿಟಾರ್ ನುಡಿಸುತ್ತೇನೆ. ಮದುವೆಯ ಆರತಕ್ಷತೆ, ಗಣಪತಿ ಪೆಂಡಾಲು, ನವೆಂಬರ್ ಪೂರ್ತಿ ರಾಜ್ಯೋತ್ಸವ, ಎರಡು ವರ್ಷಕ್ಕೊಮ್ಮೆ ನಮ್ಮ ದಾವಣಗೆರೆಯ ದುಗ್ಗಮ್ಮನ ಜಾತ್ರೆ ಬಂದಾಗ ಊರಿಗೇ ಊರೇ ಎದ್ದು ಕೂರುವ ದಿನಗಳು. ಕೆಲವು ಸಲ ಹರಿಹರ, ಜಗಳೂರು, ಚಿತ್ರದುರ್ಗದ ಕಡೆಗೂ ಹೋಗುತ್ತೇವೆ. ಮನೆಯಲ್ಲಿ ಕೂತು ಬೇಸ್ ಕಲಿತವರು ಈಗೀಗ ನಮ್ಮೂರಲ್ಲಿ ಇದ್ದಾರೆ, ಆದರೆ ಮೊದಲ ಸಲ ಆರ್ಕೆಸ್ಟ್ರಾ ಜೊತೆ ವೇದಿಕೆ ಹತ್ತಿದಾಗ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ ಅನ್ನೋದನ್ನು ಯಾರೂ ಹೇಳಿಕೊಡುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ದೊಡ್ಡ ವಿಷಯ ಕೀಬೋರ್ಡಿನ ಟ್ರಾನ್ಸ್‌ಪೋಸ್ ಬಟನ್, ಅಂದರೆ ಬೆರಳು ಬದಲಿಸದೆ ಹಾಡಿನ ಸ್ಕೇಲನ್ನು (ಹಾಡಿನ ಷಡ್ಜ ಯಾವ ಸ್ವರ ಅನ್ನೋದನ್ನು) ಮೇಲೆ ಕೆಳಗೆ ಮಾಡುವ ಬಟನ್. ಹಾಡುವವರು "ಸ್ವಲ್ಪ ಮೇಲೆ ಎತ್ತಿ" ಅಂದ ತಕ್ಷಣ ಕೀಬೋರ್ಡಿನವರು ಆ ಬಟನ್ ಒತ್ತಿ, ಬೆರಳುಗಳನ್ನು ಮಾತ್ರ ಸಿ ಮೇಲೆಯೇ ಇಟ್ಟು ನುಡಿಸುತ್ತಾರೆ. ನೀವು "ಯಾವ ಸ್ಕೇಲ್ ಅಣ್ಣಾ?" ಅಂತ ಕೇಳಿದರೆ ಅವರು ಬೆರಳು ನೋಡಿಕೊಂಡು "ಸಿ" ಅಂತಾರೆ. ಆದರೆ ಕೇಳಿಸುತ್ತಿರುವುದು ಡಿ ಶಾರ್ಪ್. ವಿದ್ಯಾನಗರದ ಕಡೆಯ ಒಂದು ಆರತಕ್ಷತೆಯಲ್ಲಿ ನನಗೆ ಹೀಗೇ ಆಯಿತು, ಇಡೀ ಪಲ್ಲವಿ ನಾನೊಂದು ಸ್ವರದಲ್ಲಿ, ಉಳಿದವರೆಲ್ಲ ಇನ್ನೊಂದರಲ್ಲಿ, ಹಾಡುತ್ತಿದ್ದ ಹುಡುಗಿ ತಿರುಗಿ ತಿರುಗಿ ನೋಡುತ್ತಿದ್ದಳು. ಅವತ್ತಿನಿಂದ ನಾನು ಕೇಳುವ ಪ್ರಶ್ನೆಯೇ ಬೇರೆ: "ಅಣ್ಣಾ, ಟ್ರಾನ್ಸ್‌ಪೋಸ್ ಎಷ್ಟಿದೆ?" ಪ್ಲಸ್ ಮೂರು ಅಂದರೆ ಅವರು ಹೇಳಿದ ಸ್ಕೇಲಿಗಿಂತ ಮೂರು ಫ್ರೆಟ್ (ಬೇಸಿನ ಕತ್ತಿನ ಮೇಲಿನ ಅಡ್ಡ ಪಟ್ಟಿ, ಒಂದೊಂದೂ ಅರ್ಧ ಸ್ವರ) ಮೇಲೆ. ಅಷ್ಟೇ ಲೆಕ್ಕ.

ಹಾರ್ಮೋನಿಯಂ ಹಿಡಿದು ಬೆಳೆದ ಹಿರಿಯರು ಬಂದರೆ ಸ್ಕೇಲನ್ನು ಬಿಳಿ, ಕಪ್ಪು ಅಂತ ಹೇಳುತ್ತಾರೆ. ಬಿಳಿ ಒಂದು ಅಂದರೆ ಸಿ, ಕಪ್ಪು ಒಂದು ಅಂದರೆ ಸಿ ಶಾರ್ಪ್, ಬಿಳಿ ನಾಲ್ಕು ಅಂದರೆ ಎಫ್, ಕಪ್ಪು ಐದು ಅಂದರೆ ಎ ಶಾರ್ಪ್. ಇದನ್ನು ಬಾಯಿಪಾಠ ಮಾಡಿಕೊಳ್ಳಿ, ವೇದಿಕೆಯ ಮೇಲೆ ಲೆಕ್ಕ ಹಾಕುತ್ತಾ ನಿಲ್ಲೋಕೆ ಆಗಲ್ಲ.

ಈ ಸ್ಕೇಲ್ ಬದಲಾವಣೆಗೆ ಒಳ್ಳೆಯ ಮದ್ದು ಅಂದರೆ ಬಿಟ್ಟ ತಂತಿ (ಎಡಗೈ ಬೆರಳಿಡದೆ ಮೀಟುವ ತಂತಿ) ಬಳಸದೆ ನುಡಿಸುವ ಅಭ್ಯಾಸ. ಎ ತಂತಿಯ ಮೂರನೇ ಫ್ರೆಟ್ ಸಿ. ಅದರ ಪಂಚಮ ಮುಂದಿನ ತಂತಿಯಲ್ಲಿ, ಎರಡು ಫ್ರೆಟ್ ಮೇಲೆ. ಮೇಲಿನ ಷಡ್ಜ ಎರಡು ತಂತಿ ದಾಟಿ, ಎರಡು ಫ್ರೆಟ್ ಮೇಲೆ. ಮಧ್ಯಮ ಬೇಕಾದರೆ ಅದೇ ಫ್ರೆಟ್, ಪಕ್ಕದ ತಂತಿ. ಈ ಆಕಾರ ಕೈಗೆ ಕೂತರೆ ಸ್ಕೇಲ್ ಬದಲಾದಾಗ ಕೈಯನ್ನು ಪೂರ್ತಿ ಆಚೀಚೆ ಜಾರಿಸಿದರೆ ಸಾಕು, ಬೆರಳಿಗೆ ಹೊಸದಾಗಿ ಏನೂ ಹೇಳಿಕೊಡಬೇಕಿಲ್ಲ. ದಿನಾ ಒಂದೇ ಹಾಡನ್ನು ಐದು ಸ್ಕೇಲಿನಲ್ಲಿ ನುಡಿಸಿ ನೋಡಿ. ಹೊಸ ಹಾಡು ಐದು ಕಲಿಯುವುದಕ್ಕಿಂತ ಇದು ಜಾಸ್ತಿ ಕೆಲಸಕ್ಕೆ ಬರುತ್ತದೆ.

ಎರಡನೆಯದು ಕೀಬೋರ್ಡಿನವರ ಎಡಗೈ. ನಮ್ಮ ಕಡೆ ಹೆಚ್ಚಿನ ತಂಡಗಳು ಬೇಸ್ ಇಲ್ಲದೇ ನಡೆದು ಬಂದಿವೆ, ಆ ಕೆಲಸವನ್ನು ಎಡಗೈ ಅಥವಾ ಕೀಬೋರ್ಡಿನೊಳಗಿನ ಸ್ಟೈಲ್ (ತಾನಾಗಿಯೇ ನುಡಿಯುವ ಪಕ್ಕವಾದ್ಯ) ಮಾಡುತ್ತದೆ. ಅದನ್ನು ಹಾಗೇ ಬಿಟ್ಟು ನೀವೂ ನುಡಿಸಿದರೆ ಕೆಳಗೆಲ್ಲ ಗೊಜ್ಜು. ಸ್ಟೈಲಿನಲ್ಲಿ ಬೇಸ್ ಮಾತ್ರ ಮ್ಯೂಟ್ ಮಾಡುವ ಅನುಕೂಲ ಇರುತ್ತದೆ. ಅಭ್ಯಾಸದ ದಿನವೇ ವಿನಯದಿಂದ ಕೇಳಿಕೊಳ್ಳಿ, ಕಾರ್ಯಕ್ರಮದ ನಡುವೆ ಕೇಳಿದರೆ ಯಾರಿಗಾದರೂ ಬೇಜಾರಾಗುತ್ತದೆ ಅಲ್ವಾ. ಟ್ರ್ಯಾಕ್ (ಮೊದಲೇ ರೆಕಾರ್ಡ್ ಆದ ಹಿನ್ನೆಲೆ ಸಂಗೀತ) ಹಾಕಿ ಹಾಡುವ ಹಾಡಿನಲ್ಲಿ ಬೇಸ್ ಅದರೊಳಗೇ ಇರುತ್ತದೆ. ಆ ಹಾಡಿಗೆ ನಾನು ಸುಮ್ನೆ ನಿಲ್ಲುತ್ತೇನೆ.

ನುಡಿಸುವ ವಿಷಯಕ್ಕೆ ಬಂದರೆ, ಡ್ರಮ್ಮಿನ ಕಿಕ್ (ಕಾಲಲ್ಲಿ ಒತ್ತಿ ಬಾರಿಸುವ ದೊಡ್ಡ ಡ್ರಮ್) ಅಥವಾ ಎಲೆಕ್ಟ್ರಾನಿಕ್ ಪ್ಯಾಡಿನವರ ದುಂ ಎಲ್ಲಿ ಬೀಳುತ್ತದೋ ಅಲ್ಲಿ ನಿಮ್ಮ ಬೆರಳು ಬೀಳಲಿ. ಸ್ವರ ಎಲ್ಲಿ ಶುರುವಾಗುತ್ತದೆ ಅನ್ನೋದು ಎಲ್ಲರ ಗಮನದಲ್ಲಿರುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನೋದನ್ನು ಹೊಸಬರು ಮರೆಯುತ್ತಾರೆ. ಎಡಗೈ ಬೆರಳನ್ನು ಸ್ವಲ್ಪ ಸಡಿಲಿಸಿ ಸ್ವರವನ್ನು ಸಮಯಕ್ಕೆ ಕತ್ತರಿಸಿದರೆ ಅದೇ ಹಾಡು ಕುಣಿಯೋಕೆ ಶುರು ಮಾಡುತ್ತದೆ. ಇನ್ನೊಂದು ಮಾತು: ತಾಳಕ್ಕೆ ಕಿವಿಯನ್ನು ಸಭಾಂಗಣದ ಕಡೆ ಕೊಡಬೇಡಿ, ಡ್ರಮ್ಮಿನ ಪಕ್ಕ ನಿಂತು ಅದನ್ನೇ ಕೇಳಿ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಹದಿನೇಳು ಮೀಟರ್ ದೂರದ ಹಿಂದಿನ ಗೋಡೆಗೆ ಬಡಿದು ವಾಪಸ್ ಬರುವ ಹೊತ್ತಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ಕಳೆದಿರುತ್ತದೆ. ಅದನ್ನು ನಂಬಿ ನುಡಿಸಿದರೆ ಪ್ರತಿ ಸುತ್ತಿಗೂ ಹಿಂದೆ ಬೀಳುತ್ತೀರಿ. ನಮ್ಮ ಕಲ್ಯಾಣ ಮಂಟಪಗಳಲ್ಲಿ ಗ್ರಾನೈಟ್ ನೆಲ, ಬರಿಯ ಗೋಡೆ, ಆ ಪ್ರತಿಧ್ವನಿಯೂ ಜೋರು.

ಸೌಂಡಿನ ಕತೆ ಕೇಳಿ. ದಪ್ಪ ಇ ತಂತಿಯನ್ನು ಬಿಟ್ಟು ಮೀಟಿದರೆ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಚಿಕ್ಕ ಕಾರ್ಯಕ್ರಮಕ್ಕೆ ತರುವ ಬಾಕ್ಸುಗಳಿಂದ ಅಷ್ಟು ಕೆಳಗಿನ ಸ್ವರ ಸರಿಯಾಗಿ ಹೊರಗೆ ಬರುವುದೇ ಇಲ್ಲ. ನೀವು ಬೇಸ್ ನಾಬ್ ತಿರುಗಿಸಿದಷ್ಟೂ ಬಾಕ್ಸ್ ಗೊರಗೊರ ಅನ್ನುತ್ತದೆ ಹೊರತು ಸ್ವರ ಕೇಳಿಸಲ್ಲ. ನಾನು ಮಾಡುವುದು ಇಷ್ಟು: ತೀರಾ ಕೆಳಗಿನದನ್ನು ಕಡಿಮೆ ಮಾಡಿ, 700-800 ಹರ್ಟ್ಜ್ ಸುತ್ತಮುತ್ತ ಸ್ವಲ್ಪ ಏರಿಸಿ, ಕೆಲವು ಸ್ವರಗಳನ್ನು ಒಂದು ಸ್ಥಾಯಿ ಮೇಲೆ ನುಡಿಸುತ್ತೇನೆ. ವೇದಿಕೆಯ ಮೇಲೆ ತೆಳ್ಳಗೆ ಕೇಳಿದರೂ ಹೆದರಬೇಡಿ. ಅಷ್ಟು ಕೆಳಗಿನ ಸ್ವರದ ಒಂದು ಅಲೆಯೇ ಎಂಟು ಮೀಟರಿಗಿಂತ ಉದ್ದ, ಹಾಗಾಗಿ ಸಭಾಂಗಣದಲ್ಲಿ ಒಂದೊಂದು ಜಾಗದಲ್ಲಿ ಒಂದೊಂದು ಥರ ಕೇಳುತ್ತದೆ. ಸೌಂಡ್ ಚೆಕ್ ಹೊತ್ತಿಗೆ ಉದ್ದ ಕೇಬಲ್ ಹಾಕಿಕೊಂಡು ಕುರ್ಚಿಗಳ ನಡುವೆ ನಡೆದು ಒಮ್ಮೆ ಕೇಳಿ ಬನ್ನಿ.

ಬೇಸ್ ಆಂಪ್ ಸಿಗುತ್ತದೆ ಅಂತ ನಂಬಿ ಹೋಗಬೇಡಿ. ನೇರವಾಗಿ ಮಿಕ್ಸರಿಗೇ ಹಾಕಬೇಕಾಗುತ್ತದೆ, ಅದಕ್ಕೆ ನಿಮ್ಮದೇ ಒಂದು ಡಿಐ ಬಾಕ್ಸ್ (ಬೇಸಿನ ಸಿಗ್ನಲನ್ನು ಮಿಕ್ಸರಿಗೆ ಹೊಂದಿಸುವ ಚಿಕ್ಕ ಪೆಟ್ಟಿಗೆ) ಇಟ್ಟುಕೊಳ್ಳಿ. "ಅಣ್ಣಾ, ಡಿಐ ಐತಾ?" ಅಂತ ಕೇಳಿದರೆ ಸೌಂಡಿನವರಲ್ಲಿ ಕೆಲವರು ಹುಡುಕಿ ಕೊಡುತ್ತಾರೆ, ಕೆಲವರ ಹತ್ತಿರ ಇರುವುದೇ ಇಲ್ಲ. ಬೇಸನ್ನು ಸೀದಾ ಮಿಕ್ಸರಿನ ಲೈನ್ ಇನ್‌ಪುಟ್‌ಗೆ ಹಾಕಿದರೆ, ಅದರಲ್ಲೂ ಬ್ಯಾಟರಿ ಇಲ್ಲದ ಬೇಸ್ ಆದರೆ, ಧ್ವನಿ ಮಂಕಾಗುತ್ತದೆ. ಡಿಐ ಹಾಕಿದರೆ ಆ ಮಂಕು ಹೋಗುತ್ತದೆ, ಮೈಕ್ ಕೇಬಲಿನಲ್ಲಿ ಮೂವತ್ತು ಮೀಟರ್ ದೂರ ಕಳಿಸಿದರೂ ಗದ್ದಲ ಸೇರಿಕೊಳ್ಳಲ್ಲ. ಬ್ಯಾಟರಿ ಹಾಕುವ ಬೇಸ್ ನಿಮ್ಮದಾದರೆ ಹೊಸ 9 ವೋಲ್ಟ್ ಬ್ಯಾಟರಿ ಒಂದು ಬ್ಯಾಗಿನಲ್ಲಿರಲಿ. ಜ್ಯಾಕನ್ನು ಬೇಸಿಗೆ ಚುಚ್ಚಿಯೇ ಬಿಟ್ಟರೆ ಬ್ಯಾಟರಿ ಖಾಲಿಯಾಗುತ್ತದೆ, ಊಟಕ್ಕೆ ಹೋಗುವಾಗ ಕಿತ್ತಿಡಿ. ಎರಡು ಜ್ಯಾಕ್ ಕೇಬಲ್, ಇನ್ಸುಲೇಷನ್ ಟೇಪ್, ಒಂದು ಟೆಸ್ಟರ್ ಕೂಡ ಬೇಕೇ ಬೇಕು.

ಟೆಸ್ಟರ್ ಯಾಕೆ ಅಂದರೆ, ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಪೆಂಡಾಲಿನ ವೈರಿಂಗ್ ಒಂದೇ ದಿನಕ್ಕೆ ಎಳೆದದ್ದು, ಅರ್ಥಿಂಗ್ ಸರಿಯಾಗಿ ಇರುವುದು ಅಪರೂಪ. ಬೇಸಿನ ತಂತಿಗಳು ಕೇಬಲಿನ ಮೂಲಕ ಮಿಕ್ಸರಿನ ಅರ್ಥಿಗೆ ಸೇರಿರುತ್ತವೆ. ಕೈ ತಂತಿಯ ಮೇಲಿದ್ದು ತುಟಿ ಮೈಕಿಗೆ ತಾಗಿದಾಗ, ಎರಡೂ ಬೇರೆ ಬೇರೆ ಲೈನಿನಿಂದ ಬಂದಿದ್ದು ಅದರಲ್ಲೊಂದು ಕೆಟ್ಟಿದ್ದರೆ, ಕರೆಂಟ್ ನಿಮ್ಮ ಎದೆಯ ಮೂಲಕ ಹೋಗುತ್ತದೆ. ನನಗೆ ಒಂದು ಗಣಪತಿ ಕಾರ್ಯಕ್ರಮದಲ್ಲಿ ತುಟಿಗೆ ಚುರ್ ಅಂತ ಹೊಡೆಯಿತು, ನೆಲವೂ ಒದ್ದೆ ಇತ್ತು. ಮುಟ್ಟುವ ಮೊದಲು ಮೈಕಿನ ಜಾಲರಿಗೆ, ಬೇಸಿನ ಬ್ರಿಡ್ಜಿಗೆ ಟೆಸ್ಟರ್ ಹಿಡಿದು ನೋಡಿ. ದೀಪ ಮಿನುಗಿದರೆ ಸರಿಮಾಡುವವರೆಗೆ ನುಡಿಸಬೇಡಿ, ಆಯೋಜಕರು ಎಷ್ಟು ಅವಸರ ಮಾಡಿದರೂ ಸರಿ. ದೀಪ ಬೆಳಗದಿದ್ದರೂ ಚಪ್ಪಲಿ ಬಿಟ್ಟು ಒದ್ದೆ ನೆಲದ ಮೇಲೆ ನಿಲ್ಲಬೇಡಿ. ಗುಂಯ್ ಅನ್ನುವ ಶಬ್ದ ನಿಲ್ಲಿಸೋಕೆ ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸುವವರನ್ನು ಕಂಡಿದ್ದೇನೆ. ಯಾವತ್ತೂ ಅದಕ್ಕೆ ಒಪ್ಪಬೇಡಿ. ಡಿಐ ಮೇಲೆ ಗ್ರೌಂಡ್ ಲಿಫ್ಟ್ ಅನ್ನೋ ಬಟನ್ ಇರುವುದು ಆ ಗುಂಯ್ ನಿಲ್ಲಿಸೋಕೇ.

ಚಿಕ್ಕಪುಟ್ಟದ್ದು ಬೇಗ ಹೇಳುತ್ತೇನೆ. ನುಡಿಸುವ ಮೊದಲು ಮಿರ್ಚಿ ಮಂಡಕ್ಕಿ ತಿಂದಿದ್ದರೆ ಸೋಪು ಹಾಕಿ ಕೈ ತೊಳೆಯಿರಿ, ಎಣ್ಣೆ ತಂತಿಯ ಸುರುಳಿಯೊಳಗೆ ಸೇರಿದರೆ ಧ್ವನಿ ಸತ್ತಂತೆ. ಹ್ಯಾಲೋಜನ್ ದೀಪದ ಕೆಳಗೆ ತಂತಿ ಬಿಸಿಯಾಗಿ ಶ್ರುತಿ ಇಳಿಯುತ್ತದೆ, ಹಾಗಾಗಿ ವೇದಿಕೆಯ ಮೇಲೆ ಕಾಲು ಗಂಟೆ ಇಟ್ಟು ಆಮೇಲೆ ಶ್ರುತಿ ಮಾಡಿ. ಬಯಲು ಕಾರ್ಯಕ್ರಮದಲ್ಲಿ ರಾತ್ರಿ 10ರ ಮೇಲೆ ಮೈಕ್ ಹಾಕುವಂತಿಲ್ಲ. 2000ದ ಶಬ್ದ ಮಾಲಿನ್ಯ ನಿಯಮ ಅದು, ವರ್ಷದಲ್ಲಿ ಕೆಲವೇ ಹಬ್ಬದ ದಿನ ಸರ್ಕಾರ 12ರವರೆಗೆ ಬಿಡಬಹುದು. ನೀವು ಚೆನ್ನಾಗಿ ಕಲಿತ ಹಾಡನ್ನು ಕೊನೆಗೆ ಇಟ್ಟುಕೊಂಡರೆ ಅದು ಉಳಿದೇ ಹೋಗುತ್ತದೆ, ಒಂಬತ್ತೂವರೆ ಒಳಗೆ ಮುಗಿಸಿ. ದುಡ್ಡಿನ ಮಾತು ಒಪ್ಪಿಕೊಳ್ಳುವ ದಿನವೇ ಆಗಲಿ, ವಾಪಸ್ ಬರುವ ಗಾಡಿ ಯಾರದು ಅನ್ನೋದೂ ಕೂಡ. ರಾತ್ರಿ ಹನ್ನೊಂದೂವರೆಗೆ ಜಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ಬೇಸ್ ತಬ್ಬಿಕೊಂಡು ನಿಂತಿದ್ದು ನನಗೆ ಇನ್ನೂ ನೆನಪಿದೆ.

ಕೊನೆಯದಾಗಿ, ಹಿಂದಿನ ಸಾಲಿನಲ್ಲಿ ಕೂತ ಗೆಳೆಯರಿಗೆ ಫೋನ್ ಕೊಟ್ಟು ಪೂರ್ತಿ ರೆಕಾರ್ಡ್ ಮಾಡಿಸಿ. ಮಾರನೇ ದಿನ ಹೆಡ್‌ಫೋನ್ ಹಾಕಿಕೊಂಡು ಕೇಳಿ, ಫೋನಿನ ಸ್ಪೀಕರಿನಲ್ಲಿ ಬೇಸ್ ಕೇಳಿಸುವುದೇ ಇಲ್ಲ. ಹೋದ ಕಾರ್ಯಕ್ರಮದ್ದನ್ನು ಹೀಗೆ ಕೇಳಿದಾಗ ನಾಲ್ಕನೇ ಹಾಡಿನ ಚರಣದಲ್ಲಿ ನಾನು ಕಿಕ್‌ಗಿಂತ ಒಂದು ಕೂದಲೆಳೆ ಮುಂದೆ ಓಡುತ್ತಿದ್ದೆ. ಪ್ಯಾಡಿನ ಹುಡುಗನೂ ನಾನೂ ಈ ಭಾನುವಾರ ಅದೊಂದೇ ಚರಣ ಹಿಡಿದು ಕೂರುತ್ತಿದ್ದೇವೆ.