ದೊಡ್ಡ ವಿಜ್ಞಾನ ಸೌಕರ್ಯದ ನಿರ್ಮಾಣಕ್ಕೆ ವ್ಯವಸ್ಥಾಪಕರನ್ನೂ ಗುತ್ತಿಗೆದಾರರನ್ನೂ ಆರಿಸುವ ಬಗೆ

ಆಸ್ಪತ್ರೆಯನ್ನೋ ಕಚೇರಿ ಸಂಕೀರ್ಣವನ್ನೋ ಕಟ್ಟಿಸುವವರು ಮೊದಲು ನಕ್ಷೆ ಪೂರ್ತಿ ಮಾಡಿಸುತ್ತಾರೆ, ಆಮೇಲೆ ಟೆಂಡರ್ ಕರೆಯುತ್ತಾರೆ, ಬಂದ ದರಗಳಲ್ಲಿ ಕಡಿಮೆಯದನ್ನು ನೋಡಿ ಕಾರ್ಯಾದೇಶ ಕೊಡುತ್ತಾರೆ. ಕಣ ವೇಗವರ್ಧಕ, ಭೂಗತ ಪ್ರಯೋಗಾಲಯ, ಬೃಹತ್ ದೂರದರ್ಶಕ, ಸಿಂಕ್ರೊಟ್ರಾನ್ (ಎಲೆಕ್ಟ್ರಾನುಗಳನ್ನು ಉಂಗುರದಲ್ಲಿ ಸುತ್ತಿಸಿ ತೀಕ್ಷ್ಣ ಬೆಳಕು ಪಡೆಯುವ ಯಂತ್ರ) ಮುಂತಾದವುಗಳಿಗೆ ಈ ಕ್ರಮ ಒಗ್ಗುವುದಿಲ್ಲ. ಏಕೆಂದರೆ ಕಟ್ಟಡದೊಳಗೆ ಕೂರಬೇಕಾದ ಯಂತ್ರದ ವಿನ್ಯಾಸವೇ ಇನ್ನೂ ನಡೆಯುತ್ತಿರುತ್ತದೆ. ವಿಜ್ಞಾನಿಗಳು ಒಂದು ಕೋಣೆಯಲ್ಲಿ ಕುಳಿತು ಕಾಂತದ ಅಳತೆ ತಿದ್ದುತ್ತಿರುವಾಗಲೇ ಇನ್ನೊಂದು ಕೋಣೆಯಲ್ಲಿ ಆ ಕಾಂತಕ್ಕೆ ಬೇಕಾದ ಸುರಂಗದ ಅಗಲ ನಿರ್ಧಾರವಾಗುತ್ತಿರುತ್ತದೆ. ಆದ್ದರಿಂದ ಇಲ್ಲಿ ಯಾರನ್ನು ನೇಮಿಸಬೇಕು ಎನ್ನುವುದಕ್ಕಿಂತ ಮೊದಲು ಯಾವಾಗ ನೇಮಿಸಬೇಕು ಎಂಬುದನ್ನು ತೀರ್ಮಾನಿಸಬೇಕಾಗುತ್ತದೆ. ನನ್ನ ಮಟ್ಟಿಗೆ ಉತ್ತರ ಸ್ಪಷ್ಟ: ನಿರ್ಮಾಣ ವ್ಯವಸ್ಥಾಪಕರು ನಕ್ಷೆ ಅಂತಿಮವಾಗುವ ಮೊದಲೇ, ಮೂರರಲ್ಲಿ ಒಂದು ಪಾಲು ವಿನ್ಯಾಸ ಮುಗಿಯುವ ಹೊತ್ತಿಗೆ, ನಿಮ್ಮ ಮೇಜಿನ ಮುಂದೆ ಕುಳಿತಿರಬೇಕು.

ಅಮೆರಿಕದ ದಕ್ಷಿಣ ಡಕೋಟಾದಲ್ಲಿ ಹಳೆಯ ಚಿನ್ನದ ಗಣಿಯೊಂದರ ಒಳಗೆ, ನೆಲದಿಂದ ಸುಮಾರು 1.5 ಕಿಲೋಮೀಟರ್ ಆಳದಲ್ಲಿ, ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳ ಪ್ರಯೋಗಕ್ಕಾಗಿ ಅಮೆರಿಕದ ಕಣ ಭೌತವಿಜ್ಞಾನ ಪ್ರಯೋಗಾಲಯ ಫರ್ಮಿಲ್ಯಾಬ್ ಗುಹೆಗಳನ್ನು ಕೊರೆಸಿದ ಕ್ರಮ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ವ್ಯವಸ್ಥಾಪಕ ಮತ್ತು ಮುಖ್ಯ ಗುತ್ತಿಗೆದಾರ ಎರಡೂ ಆಗಿರುವ ಸಂಸ್ಥೆಯನ್ನು ವಿನ್ಯಾಸ ನಡೆಯುತ್ತಿದ್ದಾಗಲೇ ಸೇರಿಸಿಕೊಳ್ಳಲಾಯಿತು. ಹೊರಗೆ ಬರಬೇಕಿದ್ದ ಬಂಡೆ ಸುಮಾರು 8 ಲಕ್ಷ ಟನ್. ಅದನ್ನು ಹಳೆಯ ಗಣಿಬಾವಿಯ ಮೂಲಕವೇ ಮೇಲೆತ್ತಿ, ಪುಡಿಮಾಡಿ, ಕನ್ವೇಯರ್ ಪಟ್ಟಿಯ ಮೇಲೆ ಸಾಗಿಸಿ, ಹಳೆಯ ತೆರೆದ ಗಣಿಗುಂಡಿಗೆ ಸುರಿಯಬೇಕಿತ್ತು. ಈ ಸಾಗಣೆಯ ವ್ಯವಸ್ಥೆ ಸಿದ್ಧವಾಗಲೆಂದೇ ವರ್ಷಗಳು ಹಿಡಿದವು. ಮುಖ್ಯ ಅಗೆತ 2021ರಲ್ಲಿ ಶುರುವಾಗಿ 2024ರ ಆರಂಭದಲ್ಲಿ ಮುಗಿಯಿತು. ಗುಹೆ ಎಷ್ಟು ದೊಡ್ಡದಾಗಬೇಕು ಎಂಬುದನ್ನು ಭೌತವಿಜ್ಞಾನಿ ಹೇಳಬಲ್ಲ, ಆದರೆ ದಿನಕ್ಕೆ ಎಷ್ಟು ತೊಟ್ಟಿ ಕಲ್ಲು ಮೇಲೆ ಬರುತ್ತದೆ ಎಂಬುದನ್ನು ಆತ ಹೇಳಲಾರ. ವೇಳಾಪಟ್ಟಿ ನಿಂತಿರುವುದು ಎರಡನೆಯದರ ಮೇಲೆ.

ಮೊದಲು ನಿಮ್ಮ ಕಡೆಯ ಸಿದ್ಧತೆ

ಪ್ರಸ್ತಾವನೆ ಕರೆಯುವ ಮುನ್ನ ಕಟ್ಟಡ ಯಂತ್ರಕ್ಕೆ ಏನೇನು ಒದಗಿಸಬೇಕು ಎಂಬುದನ್ನು ಬರಹದಲ್ಲಿ ಇಳಿಸಿ. ಇದನ್ನು ಸಂಧಿ ದಾಖಲೆ ಎನ್ನೋಣ: ಕಟ್ಟಡದವರ ಕೆಲಸ ಎಲ್ಲಿ ಮುಗಿಯುತ್ತದೆ, ಯಂತ್ರದವರ ಕೆಲಸ ಎಲ್ಲಿ ಆರಂಭವಾಗುತ್ತದೆ ಎಂಬ ಗಡಿಯ ವಿವರ. ನೀರಿನ ಕೊಳವೆ ಗೋಡೆಯಿಂದ ಎಷ್ಟು ದೂರಕ್ಕೆ ಬಂದು ನಿಲ್ಲಬೇಕು, ವಿದ್ಯುತ್ ಫಲಕದ ಯಾವ ಬದಿ ಯಾರದು, ಭೂಸಂಪರ್ಕದ ತಂತಿ ಯಾರ ಬಾಬತ್ತು, ಕ್ರೇನ್‌ನ ಕೊಕ್ಕೆ ಎಷ್ಟು ಎತ್ತರಕ್ಕೆ ಏರಬೇಕು, ಇವೆಲ್ಲ ಇಲ್ಲಿರಬೇಕು. ದೊಡ್ಡ ಯೋಜನೆಗಳಲ್ಲಿ ಜಗಳ ಹುಟ್ಟುವುದು ಸುರಂಗದ ನಡುವಿನಲ್ಲಿ ಅಲ್ಲ, ಇಂಥ ಅಂಚುಗಳಲ್ಲಿ. ಈ ದಾಖಲೆಯಲ್ಲಿ ಖಾಲಿ ಇರುವ ಜಾಗಗಳನ್ನು ಮುಚ್ಚಿಡಬೇಡಿ. ‘ಇನ್ನೂ ನಿರ್ಧಾರವಾಗಿಲ್ಲ, ಈ ತಿಂಗಳೊಳಗೆ ಆಗುತ್ತದೆ’ ಎಂದು ಬರೆದು, ನಿರ್ಧರಿಸಬೇಕಾದವರ ಹುದ್ದೆಯನ್ನೂ ನಮೂದಿಸಿ.

ವಿಜ್ಞಾನದ ಅಗತ್ಯಗಳನ್ನು ಕಟ್ಟುವವರ ಭಾಷೆಗೆ ತರುವುದು ಈ ಸಿದ್ಧತೆಯ ಕಷ್ಟದ ಭಾಗ. ‘ಕಂಪನ ಕಡಿಮೆ ಇರಬೇಕು’ ಎಂದು ಬರೆದರೆ ಯಾವ ಗುತ್ತಿಗೆದಾರನೂ ಅದಕ್ಕೆ ಬೆಲೆ ಕಟ್ಟಲಾರ. ಯಾವ ಆವರ್ತನದಲ್ಲಿ, ಯಾವ ಜಾಗದಲ್ಲಿ ಅಳೆದಾಗ, ಎಷ್ಟು ಮೈಕ್ರೊಮೀಟರ್ ಮೀರಬಾರದು ಎಂದು ಬರೆದರೆ ಕಟ್ಟಬಲ್ಲ. ಗುರುತ್ವ ಅಲೆಗಳನ್ನು ಹಿಡಿಯುವ ಲೈಗೊ ವೀಕ್ಷಣಾಲಯದ ಪ್ರತಿಯೊಂದು ತೋಳೂ 4 ಕಿಲೋಮೀಟರ್ ಉದ್ದವಿದೆ. ಅಷ್ಟು ದೂರದಲ್ಲಿ ಭೂಮಿಯ ಬಾಗು ಸುಮಾರು ಒಂದು ಮೀಟರ್ ಆಗುತ್ತದೆ, ಆದರೆ ಲೇಸರ್ ಕಿರಣ ಭೂಮಿಯ ಜೊತೆ ಬಾಗುವುದಿಲ್ಲ. ನೆಲಮಟ್ಟವನ್ನು ನೀರಿನ ಮಟ್ಟದಿಂದ ಹಿಡಿಯುವ ಅಭ್ಯಾಸದ ಮೇಸ್ತ್ರಿ ಅಲ್ಲಿ ಸರಿಯಾಗಿ ಕೆಲಸ ಮಾಡಿದ್ದರೂ ಅದು ತಪ್ಪಾಗುತ್ತಿತ್ತು. ಕೊಳವೆಯ ಕೆಳಗಿನ ಕಾಂಕ್ರೀಟ್ ಹಾಸನ್ನು ಆ ಬಾಗನ್ನು ಸರಿದೂಗಿಸುವಂತೆ ಹಾಕಬೇಕಾಯಿತು. ಸ್ವೀಡನ್ನಿನ ಲುಂಡ್‌ನಲ್ಲಿರುವ ಮ್ಯಾಕ್ಸ್ ಫೋರ್ ಸಿಂಕ್ರೊಟ್ರಾನಿನ ಸುತ್ತ ದಿಬ್ಬಗಳ ಅಲೆಯಂಥ ಭೂದೃಶ್ಯ ಕಾಣುವುದು ಅಂದಕ್ಕಾಗಿ ಮಾತ್ರ ಅಲ್ಲ, ಹತ್ತಿರದ ಹೆದ್ದಾರಿಯಿಂದ ನೆಲದ ಮೇಲ್ಪದರದಲ್ಲಿ ಬರುವ ಕಂಪನವನ್ನು ಚದುರಿಸುವುದಕ್ಕಾಗಿ. ಹೀಗೆ ತೋಟಗಾರಿಕೆಯ ಪಟ್ಟಿಯಲ್ಲಿ ಕಾಣುವ ಮಣ್ಣಿನ ಕೆಲಸವೂ ಉಪಕರಣದ ಭಾಗವಾಗಿರಬಹುದು. ವೆಚ್ಚ ಇಳಿಸುವ ಸಭೆಯಲ್ಲಿ ಮೊದಲು ಕತ್ತರಿ ಬೀಳುವುದು ಇಂಥದಕ್ಕೇ, ಆದ್ದರಿಂದ ಪ್ರತಿ ಅಗತ್ಯದ ಪಕ್ಕದಲ್ಲಿ ಅದು ಏಕೆ ಬೇಕು ಎಂಬ ಒಂದು ಸಾಲು ಇರಲಿ.

ವಿಕಿರಣ ತಡೆಯುವ ಗೋಡೆಗಳ ಕಾಂಕ್ರೀಟ್ ಇನ್ನೊಂದು ಉದಾಹರಣೆ. ಗುತ್ತಿಗೆದಾರ ಅಭ್ಯಾಸಬಲದಿಂದ ನೋಡುವುದು ಅದರ ಒತ್ತಡ ತಾಳುವ ಬಲವನ್ನು. ನಿಮಗೆ ಬೇಕಿರುವುದು ಸಾಂದ್ರತೆ, ಒಳಗೆ ಟೊಳ್ಳು ಉಳಿಯದಿರುವುದು, ಮತ್ತು ಕೆಲವು ಕಡೆ ಸಿಮೆಂಟು-ಜಲ್ಲಿಯಲ್ಲಿರುವ ಕೋಬಾಲ್ಟ್ ಮತ್ತು ಯುರೋಪಿಯಂನ ಪ್ರಮಾಣ, ಏಕೆಂದರೆ ನ್ಯೂಟ್ರಾನ್ ಬಿದ್ದಾಗ ವರ್ಷಗಟ್ಟಲೆ ವಿಕಿರಣ ಸೂಸುವಂತಾಗುವುದು ಇಂಥ ಧಾತುಗಳೇ. ಇಂಥ ಕೆಲಸಕ್ಕೆ ಪೂರ್ಣ ಗಾತ್ರದ ಒಂದು ಮಾದರಿ ಗೋಡೆಯನ್ನು ಎರಕ ಹೊಯ್ದು, ಅದನ್ನು ಕೊರೆದು ಒಳಗನ್ನು ತೋರಿಸಬೇಕೆಂಬ ಷರತ್ತು ಒಪ್ಪಂದದಲ್ಲಿರಲಿ. ಅದಕ್ಕೆ ಪ್ರತ್ಯೇಕ ಹಣವೂ ಇರಲಿ.

ಯಾವ ಬಗೆಯ ಸಂಬಂಧ

ನಿರ್ಮಾಣ ವ್ಯವಸ್ಥಾಪಕರನ್ನು ಎರಡು ರೀತಿಯಲ್ಲಿ ನೇಮಿಸಬಹುದು. ಮೊದಲನೆಯದರಲ್ಲಿ ಅವರು ನಿಮ್ಮ ಪ್ರತಿನಿಧಿ ಮಾತ್ರ: ಸಂಬಳದಂಥ ಶುಲ್ಕ ಪಡೆದು ಸಲಹೆ ಕೊಡುತ್ತಾರೆ, ಮೇಲ್ವಿಚಾರಣೆ ಮಾಡುತ್ತಾರೆ, ಗುತ್ತಿಗೆಗಳಿಗೆಲ್ಲ ನೀವೇ ಸಹಿ ಹಾಕುತ್ತೀರಿ, ನಷ್ಟವೂ ನಿಮ್ಮದೇ. ಎರಡನೆಯದರಲ್ಲಿ ಅವರು ವಿನ್ಯಾಸದ ಹಂತದಲ್ಲಿ ಸಲಹೆಗಾರರಾಗಿದ್ದು, ಆಮೇಲೆ ಒಂದು ಖಾತರಿ ಗರಿಷ್ಠ ಬೆಲೆಗೆ ಒಪ್ಪಿ ತಾವೇ ಮುಖ್ಯ ಗುತ್ತಿಗೆದಾರರಾಗುತ್ತಾರೆ. ಉಪಗುತ್ತಿಗೆದಾರರು ಅವರ ಕೈಕೆಳಗೆ ಬರುತ್ತಾರೆ, ಬೆಲೆ ಮೀರಿದರೆ ಹೊರೆ ಅವರ ಮೇಲೆ. ಕಟ್ಟಡದ ಕೆಲಸ ತಿಳಿದ ಎಂಜಿನಿಯರುಗಳು ನಿಮ್ಮಲ್ಲೇ ಸಾಕಷ್ಟಿದ್ದರೆ ಮೊದಲನೆಯದು ನಡೆಯುತ್ತದೆ. ಇಲ್ಲದಿದ್ದರೆ, ಅಂದರೆ ಬಹುಪಾಲು ಸಂಶೋಧನಾ ಸಂಸ್ಥೆಗಳಲ್ಲಿರುವಂತೆ ಒಂದಿಬ್ಬರೇ ಇದ್ದರೆ, ಎರಡನೆಯದೇ ಲೇಸು.

ಎರಡನೆಯ ದಾರಿಯಲ್ಲಿ ಒಂದು ಅಪಾಯವಿದೆ. ಸಲಹೆಗಾರ ಗುತ್ತಿಗೆದಾರನಾಗುವ ದಿನ ಅವನ ಹಿತ ನಿಮ್ಮ ಹಿತದಿಂದ ಬೇರೆಯಾಗುತ್ತದೆ. ಅಂದಾಜು ಅವನ ಕೈಯಲ್ಲಿದೆ, ನೀವು ಎರಡು ವರ್ಷ ಅವನ ಜೊತೆ ಕೆಲಸ ಮಾಡಿದ್ದೀರಿ, ಈಗ ಅವನು ಹೇಳಿದ ಬೆಲೆಗೆ ಒಪ್ಪದೆ ಬೇರೆ ದಾರಿ ಇಲ್ಲ ಎನಿಸುತ್ತದೆ. ಇದಕ್ಕೆ ಪರಿಹಾರ ಎರಡು. ಆರಂಭದ ಒಪ್ಪಂದವನ್ನೇ ಎರಡು ಭಾಗವಾಗಿ ಒಡೆದು, ಬೆಲೆ ಹೊಂದದಿದ್ದರೆ ಮೊದಲ ಭಾಗದ ಕೊನೆಯಲ್ಲಿ ಅವರನ್ನು ಬಿಟ್ಟು ಹೊಸದಾಗಿ ಟೆಂಡರ್ ಕರೆಯುವ ಹಕ್ಕನ್ನು ಇಟ್ಟುಕೊಳ್ಳಿ. ಆವರೆಗಿನ ನಕ್ಷೆ, ಅಂದಾಜು, ವೇಳಾಪಟ್ಟಿ ಎಲ್ಲವೂ ನಿಮ್ಮ ಸ್ವತ್ತು ಎಂದು ಬರೆದಿರಿ. ಜೊತೆಗೆ, ಅವರಿಗೆ ಸಂಬಂಧವೇ ಇಲ್ಲದ ಒಬ್ಬ ಅಂದಾಜುಗಾರರಿಂದ ಸಮಾನಾಂತರವಾಗಿ ಲೆಕ್ಕ ಹಾಕಿಸಿ. ಎರಡು ಅಂದಾಜುಗಳನ್ನು ಬಾಬತ್ತು ಬಾಬತ್ತಾಗಿ ಪಕ್ಕಪಕ್ಕ ಇಟ್ಟು ಕುಳಿತರೆ ಒಂದೇ ದಿನದಲ್ಲಿ ನಿಮಗೆ ತಿಳಿಯುವುದು ಬಹಳ.

ಆರಿಸುವ ಮೇಜಿನಲ್ಲಿ

ಎರಡು ಲಕೋಟೆಯ ಪದ್ಧತಿ ಇಲ್ಲಿಗೂ ಸೂಕ್ತ: ತಾಂತ್ರಿಕ ಲಕೋಟೆಯನ್ನು ಮೊದಲು ತೆರೆದು ಅಂಕ ಕೊಟ್ಟು, ದರದ ಲಕೋಟೆಯನ್ನು ಆಮೇಲೆ ತೆರೆಯುವುದು. ವ್ಯವಸ್ಥಾಪಕರ ಆಯ್ಕೆಯಲ್ಲಿ ದರಕ್ಕೆ ನೂರಕ್ಕೆ ಇಪ್ಪತ್ತರಿಂದ ಮೂವತ್ತು ಅಂಕಗಳಿಗಿಂತ ಹೆಚ್ಚು ಕೊಡಬಾರದೆಂಬುದು ನನ್ನ ಅಭಿಪ್ರಾಯ; ಅವರ ಶುಲ್ಕ ಒಟ್ಟು ವೆಚ್ಚದ ಸಣ್ಣ ಪಾಲು, ಅವರ ತಪ್ಪಿನ ಬೆಲೆ ಮಾತ್ರ ಸಣ್ಣದಲ್ಲ. ಕಾಮಗಾರಿಯೇ ಬಿಡಿಬಿಡಿಯಾಗಿ ಟೆಂಡರಿಗೆ ಹೋಗುವಾಗ ದರದ ತೂಕ ಹೆಚ್ಚಿಸಬಹುದು. ರಸ್ತೆ, ಬೇಲಿ, ಸಾಮಾನ್ಯ ಶೆಡ್ಡುಗಳಂಥ ಕೆಲಸಕ್ಕೆ ಅರ್ಹರಾದವರಲ್ಲಿ ಕಡಿಮೆ ದರದವರೇ ಸಾಕು, ಅದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಬೇಡ.

ಹಳೆಯ ಕೆಲಸಗಳ ಪಟ್ಟಿಯನ್ನು ಓದುವಾಗ ಗಾತ್ರಕ್ಕೆ ಮರುಳಾಗಬೇಡಿ. ದೊಡ್ಡ ವಿಮಾನ ನಿಲ್ದಾಣ ಕಟ್ಟಿದವರು ದೂಳನ್ನು ಕಟ್ಟುನಿಟ್ಟಾಗಿ ತಡೆಯುವ ಸ್ವಚ್ಛಕೊಠಡಿಯನ್ನು ಕಂಡಿರದೇ ಇರಬಹುದು. ಚಿಪ್ ಕಾರ್ಖಾನೆ, ಜಲವಿದ್ಯುತ್ತಿನ ಭೂಗತ ಯಂತ್ರಾಗಾರ, ಆಸ್ಪತ್ರೆಯ ವಿಕಿರಣ ಚಿಕಿತ್ಸಾ ಘಟಕ ಕಟ್ಟಿದವರು ಸಣ್ಣವರಾದರೂ ನಿಮ್ಮ ಕೆಲಸಕ್ಕೆ ಹತ್ತಿರದವರು. ಹಿಂದಿನ ಮಾಲೀಕರಿಗೆ ಪತ್ರ ಬರೆಯುವ ಬದಲು ಫೋನ್ ಮಾಡಿ, ‘ಕೆಲಸ ಚೆನ್ನಾಗಿತ್ತೇ?’ ಎಂದು ಕೇಳುವ ಬದಲು ‘ಕೊನೆಯ ಬಿಲ್ ಇತ್ಯರ್ಥವಾಗಲು ಎಷ್ಟು ತಿಂಗಳು ಹಿಡಿಯಿತು?’ ಎಂದು ಕೇಳಿ. ಸುರಕ್ಷತೆಯ ದಾಖಲೆಯನ್ನು ಅಂಕದ ಬಾಬತ್ತಾಗಿಸದೆ ಹೊಸ್ತಿಲಾಗಿಸಿ. ಅದನ್ನು ದಾಟದವರ ಲಕೋಟೆ ತೆರೆಯಲೇಬಾರದು.

ಸಂದರ್ಶನಕ್ಕೆ ಬರುವ ಮಾರಾಟ ವಿಭಾಗದವರು ಚೆನ್ನಾಗಿಯೇ ಮಾತನಾಡುತ್ತಾರೆ, ಆದರೆ ನಿಮ್ಮ ಸೈಟಿನಲ್ಲಿ ಐದು ವರ್ಷ ಇರುವವರು ಅವರಲ್ಲ. ಯೋಜನಾ ವ್ಯವಸ್ಥಾಪಕ, ಸೈಟಿನ ಮುಖ್ಯಸ್ಥ, ವೇಳಾಪಟ್ಟಿ ನೋಡುವವರು, ಈ ಮೂವರೇ ಬರಬೇಕೆಂದು ಮೊದಲೇ ತಿಳಿಸಿ. ನಿಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಇವರನ್ನು ಬದಲಿಸಬಾರದೆಂದು ಒಪ್ಪಂದದಲ್ಲೂ ಬರೆಯಿರಿ. ಮೇಜಿನ ಮೇಲೆ ನಕ್ಷೆಯ ಒಂದು ಹಾಳೆ ಹಾಸಿ ಒಂದು ಸಂಗತಿ ಕೊಡಿ: ಬುಧವಾರ ಬೆಳಿಗ್ಗೆ ಸುರಂಗದ ತುದಿಯಲ್ಲಿ ನೀರು ಒಸರಲು ಶುರುವಾಗಿದೆ, ಶುಕ್ರವಾರ ಐವತ್ತು ಮೀಟರ್ ಹಿಂದೆ ಕಾಂಕ್ರೀಟ್ ಹಾಕಬೇಕಿದೆ, ಕಾಂತಗಳು ಮೂರು ತಿಂಗಳಲ್ಲಿ ಬಂದಿಳಿಯಲಿವೆ. ಏನು ಮಾಡುತ್ತೀರಿ? ಯಾರು ಯಾರ ಮುಖ ನೋಡುತ್ತಾರೆ ಎಂಬುದನ್ನು ಗಮನಿಸಿ. ನೀರಿನ ಪ್ರಮಾಣವನ್ನು ಅಳೆದಿದ್ದೀರಾ ಎಂದು ಮೊದಲು ಕೇಳುವವನು ಬಂಡೆಯ ಕೆಲಸ ಬಲ್ಲವನು. ಮೊದಲು ಒಪ್ಪಂದದ ಷರತ್ತಿನ ಸಂಖ್ಯೆ ಹೇಳುವವನು ಬಿಲ್ಲಿನ ಕೆಲಸ ಬಲ್ಲವನು. ಇಬ್ಬರೂ ಬೇಕು, ಆದರೆ ಸೈಟಿನ ಮುಖ್ಯಸ್ಥನ ಕುರ್ಚಿಯಲ್ಲಿ ಮೊದಲನೆಯವನಿರಬೇಕು.

ನೆಲದೊಳಗಿನ ಅಪಾಯ ಯಾರದು

ಸುರಂಗದಲ್ಲಿ ನೀರು ಒಸರುವ ಆ ಪ್ರಶ್ನೆ ಕಲ್ಪನೆಯದಲ್ಲ. ಜಿನೀವಾ ಬಳಿ ಯುರೋಪಿನ ಕಣ ಭೌತವಿಜ್ಞಾನ ಪ್ರಯೋಗಾಲಯವಾದ ಸೆರ್ನ್ ಸಂಸ್ಥೆ 1980ರ ದಶಕದಲ್ಲಿ 27 ಕಿಲೋಮೀಟರ್ ಸುತ್ತಳತೆಯ ಸುರಂಗ ಕೊರೆಸಿದಾಗ, ಜೂರಾ ಬೆಟ್ಟದ ಸುಣ್ಣಕಲ್ಲಿನಲ್ಲಿ ನೀರಿನ ಕಾಟ ಇರುತ್ತದೆಂದು ಮೊದಲೇ ಅಂದಾಜಿತ್ತು. ಆ ಕಲ್ಲಿನಲ್ಲಿ ಹಾಯುವ ದೂರ ಕಡಿಮೆಯಾಗಲೆಂದು ಸುರಂಗದ ಜಾಗವನ್ನೇ ಬೆಟ್ಟದಿಂದ ಆಚೆಗೆ ಸರಿಸಿದ್ದರು. ಆದರೂ ಅಲ್ಲಿ ನೀರು ನುಗ್ಗಿ ತಿಂಗಳುಗಟ್ಟಲೆ ಕೆಲಸ ಹಿಂದೆಬಿತ್ತು. ಅದೇ ಸುರಂಗಕ್ಕೆ ಮುಂದೆ ಸಿಎಂಎಸ್ ಎಂಬ ಬೃಹತ್ ಕಣಶೋಧಕ ಪ್ರಯೋಗದ ಬಾವಿ ತೋಡುವಾಗ ನೀರು ತುಂಬಿದ ಮಣ್ಣನ್ನು ಉಪ್ಪುನೀರು ಮತ್ತು ದ್ರವ ಸಾರಜನಕ ಹರಿಸಿ ಹೆಪ್ಪುಗಟ್ಟಿಸಬೇಕಾಯಿತು. ಜಾಗ ಸಮತಟ್ಟು ಮಾಡುವಾಗ ರೋಮನ್ ಕಾಲದ ಮನೆಯೊಂದರ ಅವಶೇಷ ಸಿಕ್ಕಿದ್ದು ಬೇರೆ.

ಇಂಥ ಅಪಾಯವನ್ನೆಲ್ಲ ಗುತ್ತಿಗೆದಾರನ ತಲೆಗೆ ಕಟ್ಟುವ ಷರತ್ತು ಬರೆಯಲು ವಕೀಲರಿಗೆ ಸುಲಭ. ಆದರೆ ಎಚ್ಚರದ ಗುತ್ತಿಗೆದಾರ ಆ ಭಯಕ್ಕೆ ಬೆಲೆ ಸೇರಿಸುತ್ತಾನೆ, ಎಚ್ಚರವಿಲ್ಲದವನು ಸೇರಿಸದೆ ಗೆದ್ದು ನಡುವೆ ದಿವಾಳಿಯಾಗುತ್ತಾನೆ. ಎರಡೂ ಕಡೆ ಸೋಲು ನಿಮ್ಮದೇ. ಇದಕ್ಕಿಂತ ನೆಲದ ಆಧಾರ ವರದಿಯೊಂದನ್ನು ಒಪ್ಪಂದದ ಭಾಗವಾಗಿಸುವುದು ಮೇಲು: ಬಂಡೆಯ ಬಲ, ಬಿರುಕು, ನೀರಿನ ಹರಿವು ಇಷ್ಟಿಷ್ಟೆಂದು ಅದರಲ್ಲಿ ಸಂಖ್ಯೆಯಲ್ಲಿ ಹೇಳಿ, ಆ ಮಿತಿಯೊಳಗಿನದು ಅವರ ಹೊಣೆ, ಮೀರಿದ್ದು ನಮ್ಮ ಹೊಣೆ ಎಂದು ಹಂಚಿಕೊಳ್ಳುವುದು. ಸಲಹಾ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಡಿಕ್ 2019ರಲ್ಲಿ ಭೂಗತ ಕಾಮಗಾರಿಗೆಂದೇ ಹೊರತಂದ ಎಮರಾಲ್ಡ್ ಬುಕ್ ಎಂಬ ಒಪ್ಪಂದದ ಮಾದರಿ ಈ ತತ್ತ್ವದ ಮೇಲೆಯೇ ನಿಂತಿದೆ. ಪರೀಕ್ಷಾ ಕೊರೆತಕ್ಕೆ ಹಣ ಉಳಿಸಲು ಹೋಗಬೇಡಿ.

ಬೆಲೆ, ಬದಲಾವಣೆ, ಹಸ್ತಾಂತರ

ಗರಿಷ್ಠ ಬೆಲೆಗೆ ಒಪ್ಪಿಗೆ ಪಡೆಯಲು ವಿನ್ಯಾಸ ನೂರಕ್ಕೆ ಅರವತ್ತಾದರೂ ಮುಗಿದಿರಬೇಕು. ಅದಕ್ಕಿಂತ ಮೊದಲು ಪಡೆದ ಬೆಲೆ ಊಹೆ. ತೀರ ತಡಮಾಡಿದರೆ ವ್ಯವಸ್ಥಾಪಕರ ಸಲಹೆ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಆಕಸ್ಮಿಕ ನಿಧಿಯನ್ನು ಎರಡಾಗಿ ಇಡಿ: ಕಾಮಗಾರಿಯ ಒಳಗಿನ ಎಡರುತೊಡರಿಗೆ ಒಂದು, ಅವರ ಕೈಯಲ್ಲಿ; ವಿಜ್ಞಾನಿಗಳು ಮನಸ್ಸು ಬದಲಿಸಿದಾಗ ಬೇಕಾಗುವುದಕ್ಕೆ ಇನ್ನೊಂದು, ನಿಮ್ಮ ಕೈಯಲ್ಲಿ.

ಎರಡನೆಯದನ್ನು ಹಗುರವಾಗಿ ಎಣಿಸಬಾರದು. ಟೆಕ್ಸಾಸಿನಲ್ಲಿ ಕಟ್ಟಲು ಹೊರಟಿದ್ದ, ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರವಾದ ಸೂಪರ್ ಕಂಡಕ್ಟಿಂಗ್ ಸೂಪರ್ ಕೊಲೈಡರ್‌ನಲ್ಲಿ ಕಿರಣ ಹಾಯುವ ಕಾಂತದ ರಂಧ್ರವನ್ನು 4 ಸೆಂಟಿಮೀಟರಿನಿಂದ 5ಕ್ಕೆ ಹೆಚ್ಚಿಸಿದ್ದು ಭೌತವಿಜ್ಞಾನದ ದೃಷ್ಟಿಯಿಂದ ಸಮರ್ಥನೀಯವೇ ಆಗಿತ್ತು, ಆದರೆ ವೆಚ್ಚ ಏರಿದ ಕಾರಣಗಳಲ್ಲಿ ಅದೂ ಒಂದು. ಸುಮಾರು 440 ಕೋಟಿ ಡಾಲರಿನಿಂದ ಆರಂಭವಾದ ಅಂದಾಜು 1100 ಕೋಟಿ ದಾಟಿದ ಮೇಲೆ, 1993ರ ಅಕ್ಟೋಬರಿನಲ್ಲಿ ಅಮೆರಿಕದ ಕಾಂಗ್ರೆಸ್ ಯೋಜನೆಯನ್ನೇ ರದ್ದು ಮಾಡಿತು. ಅಷ್ಟರಲ್ಲಿ 23 ಕಿಲೋಮೀಟರಿನಷ್ಟು ಸುರಂಗ ಕೊರೆದಾಗಿತ್ತು. ಆದ್ದರಿಂದ ಬದಲಾವಣೆಗೆ ಒಂದೇ ಬಾಗಿಲು ಇರಲಿ. ವಿಜ್ಞಾನಿ ಸೈಟಿಗೆ ಹೋಗಿ ಮೇಸ್ತ್ರಿಗೆ ‘ಆ ತೂತು ಸ್ವಲ್ಪ ಎಡಕ್ಕೆ’ ಎಂದು ಹೇಳುವುದು ಎಷ್ಟೇ ಸಹಜವಾಗಿ ಕಂಡರೂ, ಹಣ ಮತ್ತು ದಿನಗಳ ಲೆಕ್ಕದೊಂದಿಗೆ ಲಿಖಿತ ಆದೇಶವಾಗದೆ ಅದು ಆಗಬಾರದು.

ಕ್ಯಾಲೆಂಡರಿನ ವಿಷಯದಲ್ಲಿ ಎರಡು ಮಾತು. ಸೌಕರ್ಯದಲ್ಲಿ ಈಗಾಗಲೇ ಯಂತ್ರ ಓಡುತ್ತಿದ್ದರೆ ಕಂಪನ ಎಬ್ಬಿಸುವ ಕೆಲಸಕ್ಕೆ ಸಿಗುವ ಕಾಲಾವಧಿಯನ್ನು ಟೆಂಡರಿನಲ್ಲೇ ಹೇಳಿ. ಸೆರ್ನ್ ತನ್ನ ದೊಡ್ಡ ಕೊಲೈಡರ್‌ನ ಉನ್ನತೀಕರಣಕ್ಕೆ ಭೂಗತ ಅಗೆತದ ಭಾರೀ ಭಾಗವನ್ನು ಯಂತ್ರ ನಿಂತಿದ್ದ ವರ್ಷಗಳಿಗೆ ಹೊಂದಿಸಿತು. ಗುಹೆ ತಡವಾದರೂ ಉಪಕರಣದ ಕೆಲಸ ನಿಲ್ಲದಂಥ ದಾರಿಯನ್ನೂ ವ್ಯವಸ್ಥಾಪಕರಿಂದ ಹುಡುಕಿಸಿ. ಸಿಎಂಎಸ್‌ನವರು ತಮ್ಮ ಶೋಧಕವನ್ನು ನೆಲದ ಮೇಲಿನ ಹಾಲ್‌ನಲ್ಲಿ ದೊಡ್ಡ ದೊಡ್ಡ ತುಂಡುಗಳಾಗಿ ಜೋಡಿಸಿಟ್ಟುಕೊಂಡು, ಆಮೇಲೆ ಬಾವಿಯೊಳಗೆ ಇಳಿಸಿದರು. ಅವುಗಳಲ್ಲಿ ಅತಿ ಭಾರದ್ದು ಸುಮಾರು 2000 ಟನ್ ತೂಗುತ್ತಿತ್ತು, 2007ರ ಫೆಬ್ರುವರಿಯಲ್ಲಿ ಅದು ಇಳಿಯಿತು.

ಹಸ್ತಾಂತರವನ್ನು ಒಂದೇ ದಿನದ ಸಮಾರಂಭವಾಗಿ ಬರೆಯದೆ ಕೊಠಡಿ ಕೊಠಡಿಯಾಗಿ ಬರೆಯಿರಿ. ಪ್ರತಿ ಕೊಠಡಿಗೂ ಒಂದು ಹಾಳೆ: ತಾಪಮಾನ ಇಷ್ಟು ದಿನ ಇಷ್ಟರೊಳಗೆ ನಿಂತಿದೆ, ನೆಲದ ಮಟ್ಟ ಅಳೆದಾಗಿದೆ, ದೂಳಿನ ಎಣಿಕೆ ಮಿತಿಯಲ್ಲಿದೆ, ಭೂಸಂಪರ್ಕ ಪರೀಕ್ಷೆಯಾಗಿದೆ. ಕೆಲಸ ಮುಗಿಯುವವರೆಗೆ ಬಿಲ್ಲುಗಳಿಂದ ತಡೆಹಿಡಿದ ಹಣವನ್ನು ಈ ಹಾಳೆಗಳ ಲೆಕ್ಕದಲ್ಲೇ ಬಿಡುಗಡೆ ಮಾಡಿ, ಮತ್ತು ಪ್ರತಿ ಹಾಳೆಯ ಕೆಳಗೆ ಮೂವರ ಸಹಿಗೆ ಜಾಗ ಬಿಡಿ: ಕಟ್ಟಿದವರು, ವ್ಯವಸ್ಥಾಪಕರು, ನಾಳೆ ಆ ಕೊಠಡಿಯಲ್ಲಿ ಉಪಕರಣ ಜೋಡಿಸಲಿರುವ ವಿಜ್ಞಾನಿ.