ಆರ್‌ಎನ್‌ಎ ವಿಟಮಿನ್ ಹಿಡಿಯುತ್ತದೆಯೇ? ಹೀಗೆ ಪತ್ತೆ ಹಚ್ಚುತ್ತಾರೆ

ಈ.ಕೋಲಿ ಬ್ಯಾಕ್ಟೀರಿಯಾ ತನಗೆ ಬೇಕಾದ ಬಿ1 ವಿಟಮಿನ್ನನ್ನು ತಾನೇ ತಯಾರಿಸಿಕೊಳ್ಳುತ್ತದೆ, ಸಾಕಷ್ಟಾದರೆ ಕೈ ಬಿಗಿ ಮಾಡುತ್ತದೆ. ಆದರೆ ಸಾಕಾಯಿತು ಎಂದು ಅಳೆಯುವವರು ಯಾರು? 2002ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರೊನಾಲ್ಡ್ ಬ್ರೇಕರ್ ತಂಡ ತೋರಿಸಿದಂತೆ, ಇದಕ್ಕೆ ಪ್ರೋಟೀನಿನ ಹಂಗೇ ಬೇಕಿಲ್ಲ. ಜೀನಿನ ಆದೇಶವನ್ನು ಹೊತ್ತೊಯ್ಯುವ ಸಂದೇಶವಾಹಕ ಆರ್‌ಎನ್‌ಎಯ ಆರಂಭದ ತುಣುಕೇ ಬಿ1ರ ಸಕ್ರಿಯ ರೂಪವಾದ ಟಿಪಿಪಿಯನ್ನು ಇಕ್ಕಳದಂತೆ ಎರಡು ತೋಳುಗಳ ನಡುವೆ ಹಿಡಿಯುತ್ತದೆ. ಹಿಡಿದೊಡನೆ ಮಡಿಕೆ ಬದಲಾಗಿ, ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮ್ ಬಂದು ಕೂರಬೇಕಾದ ಜಾಗ ಮರೆಯಾಗುತ್ತದೆ. ಬಿ1 ತಯಾರಿಗೆ ಬೇಕಾದ ಪ್ರೋಟೀನಿನ ಉತ್ಪಾದನೆ ತಗ್ಗುತ್ತದೆ. ಇಂಥ ತುಣುಕಿಗೆ ರೈಬೋಸ್ವಿಚ್ ಎಂದು ಹೆಸರು.

ಕಣ್ಣಿಗೆ ಕಾಣದ ಈ ಹಿಡಿತವನ್ನು ಪರೀಕ್ಷಿಸಲು ಮೊದಲು ಆ ತುಣುಕನ್ನು ಪ್ರಯೋಗಾಲಯದಲ್ಲಿ ನಕಲು ಮಾಡಿ, ಅದರ ಒಂದು ತುದಿಗೆ ವಿಕಿರಣಶೀಲ ರಂಜಕ (ಫಾಸ್ಫರಸ್) ಅಂಟಿಸಬೇಕು. ಕೈಗವಸು ಕಡ್ಡಾಯ. ವಿಕಿರಣದ ಭಯಕ್ಕಷ್ಟೇ ಅಲ್ಲ, ನಮ್ಮ ಚರ್ಮದ ಮೇಲೇ ಆರ್‌ಎನ್‌ಎ ಕತ್ತರಿಸುವ ಕಿಣ್ವಗಳಿರುತ್ತವೆ.

ಆಮೇಲೆ ಅದನ್ನು ಹಲವು ನಳಿಕೆಗಳಿಗೆ ಹಂಚಿ, ಒಂದನ್ನು ಬರಿದೇ ಬಿಟ್ಟು, ಉಳಿದವಕ್ಕೆ ಟಿಪಿಪಿಯನ್ನು ಏರುವ ಪ್ರಮಾಣದಲ್ಲಿ ಹಾಕಿ. ಮೆಗ್ನೀಷಿಯಂ ಮರೆಯಬೇಡಿ, ಟಿಪಿಪಿಯ ಫಾಸ್ಫೇಟ್ ಬಾಲವನ್ನು ಆರ್‌ಎನ್‌ಎ ಹಿಡಿಯುವುದು ಅದರ ಮೂಲಕವೇ. ಪಿಎಚ್ 8.3, ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇಟ್ಟು ಸುಮಾರು 40 ಗಂಟೆ ಸುಮ್ಮನಿರಬೇಕು.

ಸುಮ್ಮನಿರುವುದರಲ್ಲೇ ಈ ಪ್ರಯೋಗದ ಜಾಣತನವಿದೆ. ಆರ್‌ಎನ್‌ಎ ಹುಟ್ಟಾ ದುರ್ಬಲ, ತಾನಾಗಿಯೇ ಮುರಿಯುತ್ತದೆ. ಆದರೆ ಎಲ್ಲೆಡೆ ಒಂದೇ ವೇಗದಲ್ಲಲ್ಲ. ಸಡಿಲವಾಗಿ ಅಲ್ಲಾಡುವ ಕಡೆ ಬೇಗ ಮುರಿಯುತ್ತದೆ, ಬಿಗಿಯಾಗಿ ಮಡಿಚಿಕೊಂಡ ಕಡೆ ಗಟ್ಟಿಯಾಗಿ ಉಳಿಯುತ್ತದೆ. ಉಳಿದ ಪ್ರಯೋಗಗಳಲ್ಲಿ ತಲೆನೋವಾಗುವ ಗುಣ ಇಲ್ಲಿ ಅಳತೆಗೋಲು.

ಕೊನೆಗೆ ಚೂರುಗಳನ್ನು ಜೆಲ್‌ನಲ್ಲಿ ಉದ್ದಕ್ಕೆ ತಕ್ಕಂತೆ ಬೇರ್ಪಡಿಸಿ ಚಿತ್ರ ತೆಗೆಯಿರಿ. ಟಿಪಿಪಿ ಹೆಚ್ಚಿದಂತೆ, ಮುರಿದ ಜಾಗಗಳನ್ನು ತೋರುವ ಪಟ್ಟಿಗಳಲ್ಲಿ ಕೆಲವು ಮಸುಕಾದರೆ, ಆ ಜಾಗಗಳು ಬಿಗಿಯಾದವೆಂದು ಅರ್ಥ. ಬದಲಾವಣೆ ಅರ್ಧಕ್ಕೆ ಬಂದಾಗಿನ ಟಿಪಿಪಿ ಪ್ರಮಾಣವೇ ಹಿಡಿತದ ಬಲದ ಅಳತೆ.

ಇಷ್ಟಕ್ಕೇ ನಂಬಬಾರದು. ಫಾಸ್ಫೇಟ್ ಬಾಲವಿಲ್ಲದ ಬರೀ ಥಯಾಮಿನ್ (ಅಂದರೆ ಬಿ1) ಹಾಕಿ ನೋಡಿ, ಹಿಡಿತ ತೀರಾ ಸಡಿಲವಾಗಬೇಕು. ಆರ್‌ಎನ್‌ಎ ಮಡಿಕೆಯಲ್ಲಿ ಎದುರುಬದುರಾಗಿ ಜೋಡಿಯಾಗಿರುವ ಎರಡು ಅಕ್ಷರಗಳಲ್ಲಿ (ಅಂದರೆ ಬೇಸ್‌ಗಳಲ್ಲಿ) ಒಂದನ್ನು ಬದಲಿಸಿ ಹಿಡಿತ ಕೆಡಿಸಿ. ಎದುರಿನದನ್ನೂ ಹೊಂದುವಂತೆ ಬದಲಿಸಿದಾಗ ಅದು ಮರಳಿದರೆ, ಮಡಿಕೆಯ ನಕ್ಷೆ ಸರಿ. ನಂತರ ಅದೇ ತುಣುಕನ್ನು ಬಣ್ಣ ಬರಿಸುವ ಕಿಣ್ವದ ಜೀನಿನ ಮುಂದೆ ಜೋಡಿಸಿ ಜೀವಂತ ಈ.ಕೋಲಿಯೊಳಗೆ ಬಿಡುತ್ತಾರೆ. ಆಹಾರಕ್ಕೆ ಥಯಾಮಿನ್ ಬೆರೆಸಿದರೆ ಸಾಕು, ಜೀವಕೋಶವೇ ಅದಕ್ಕೆ ಫಾಸ್ಫೇಟ್ ಬಾಲ ಕಟ್ಟಿಕೊಳ್ಳುತ್ತದೆ, ಬಣ್ಣ ಇಳಿಯುತ್ತದೆ.