ಹಳೆ ಫಿಯೆಟ್‌ಗೆ ದೊಡ್ಡ ಎಂಜಿನ್: ಎಷ್ಟು ಸಿಸಿ ತನಕ ಹಾಕಬಹುದು?

ಕಲಬುರಗಿಯಲ್ಲಿ ಹಳೆ ಕಾರು ಇಟ್ಟುಕೊಂಡವರು ಇಬ್ಬರು ಸೇರಿದರೆ ಸಾಕು, ಮಾತು ಎಂಜಿನ್ ಕಡೆಗೇ ಹೋಗುತ್ತದೆ. ಫಿಯೆಟ್ ಪದ್ಮಿನಿಗೆ ಜಿಪ್ಸಿ ಎಂಜಿನ್ ಕೂರುತ್ತದಾ? ಮಾರುತಿ 800ಕ್ಕೆ ಝೆನ್ ಎಂಜಿನ್ ಹಾಕಿದರೆ ಹೇಗೆ? ಎಷ್ಟು ಸಿಸಿ, ಅಂದರೆ ಎಷ್ಟು ದೊಡ್ಡ ಎಂಜಿನ್ ತನಕ ನಡೆಯುತ್ತದೆ?

ಯೂಟ್ಯೂಬ್ ನೋಡಿದವರು ಹೊರದೇಶದ ಲೆಕ್ಕ ಹೇಳುತ್ತಾರೆ. ಆಸ್ಟ್ರೇಲಿಯಾದಲ್ಲಿ ಕಾರಿನ ಮೂಲ ತೂಕ ನೋಡಿ ಎಂಜಿನ್ ಗಾತ್ರದ ಮಿತಿ ಹಾಕುತ್ತಾರೆ. ಬ್ರಿಟನ್‌ನಲ್ಲಿ ತುಂಬಾ ಬದಲಾಯಿಸಿದ ಕಾರಿಗೆ ಅಂಕ ಕೊಡುವ ಪದ್ಧತಿ ಬಹಳ ಕಾಲ ಇತ್ತು. ಚಾಸಿಸ್‌ಗೆ (ಗಾಡಿಯ ಅಡಿಚೌಕಟ್ಟಿಗೆ) 5 ಅಂಕ, ಎಂಜಿನ್‌ಗೆ ಒಂದೇ ಒಂದು. 8 ಅಂಕ ಉಳಿದರೆ ಹಳೆ ನಂಬರೂ ಉಳಿಯುತ್ತಿತ್ತು. ಅವೆಲ್ಲ ಅಲ್ಲಿಗೆ ಸರಿ. ನಮ್ಮ ಕಾನೂನಿನಲ್ಲಿ ಇಂಥ ಕಾರಿಗೆ ಇಷ್ಟು ಸಿಸಿ ಎಂಬ ಪಟ್ಟಿಯೇ ಇಲ್ಲ. ನಿಮ್ಮ ಆರ್‌ಸಿಯಲ್ಲಿ ಎಷ್ಟು ಸಿಸಿ ಅಂತ ಬರೆದಿದೆಯೋ ಅದೇ ನಿಮ್ಮ ಮಿತಿ.

ಮೊದಲು ಕಾನೂನು ಏನು ಹೇಳುತ್ತದೆ ನೋಡಿ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದರ ಬುಡ. ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಗೂ ತಾಳೆಯಾಗದ ಹಾಗೆ ಗಾಡಿ ಬದಲಾಯಿಸಬಾರದು ಅನ್ನುತ್ತದೆ ಅದು. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಂ ಬಂತು. ಅನುಮತಿ ಇಲ್ಲದೆ ಬದಲಾಯಿಸಿದರೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಎಂಜಿನ್ ಒಂದು, ಸೈಲೆನ್ಸರ್ ಒಂದು, ಹೀಗೆ ಎಣಿಸುತ್ತಾ ಹೋದರೆ ಲೆಕ್ಕ ಬೇಗ ಬೆಳೆಯುತ್ತದೆ.

‘ಹಾಕ್ರಿ ಸರ, ಯಾರ್ ನೋಡ್ತಾರ?’ ಅನ್ನುವ ಮಿಸ್ತ್ರಿಗಳಿಗೆ ನಮ್ಮಲ್ಲಿ ಕೊರತೆ ಇಲ್ಲ. ನೋಡುವವರು ಮೂವರಿದ್ದಾರೆ. ನೋಂದಣಿ ನವೀಕರಿಸುವಾಗ ಇನ್ಸ್‌ಪೆಕ್ಟರ್, ಅಪಘಾತವಾದಾಗ ವಿಮೆ ಸರ್ವೇಯರ್, ಮಾರುವಾಗ ಕೊಳ್ಳುವವನು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ಅಂದರೆ ಹಳೆ ಕಾರು ಇದ್ದವರು ಐದು ವರ್ಷಕ್ಕೊಮ್ಮೆಯಾದರೂ ಬಾನೆಟ್ ಎತ್ತಿ ತೋರಿಸಲೇಬೇಕು.

ಹೆಜ್ಜೆ 1: ಆರ್‌ಸಿ ಮತ್ತು ಗಾಡಿ ತಾಳೆ ನೋಡಿ

ನಮ್ಮ ಕಡೆ ಇದೇ ದೊಡ್ಡ ಕೆಲಸ. ಕಲಬುರಗಿಯ ಕೆಎ 32, ಯಾದಗಿರಿಯ ಕೆಎ 33, ಬೀದರ್‌ನ ಕೆಎ 38 ನಂಬರಿನ ಹಳೆ ಕಾರುಗಳ ನಡುವೆ ಹೈದರಾಬಾದ್, ಸೊಲ್ಲಾಪುರದಿಂದ ಬಂದವೂ ಬೇಕಾದಷ್ಟಿವೆ. ಅಂಥ ಕಾರಿಗೆ ಹಿಂದಿನ ಆರ್‌ಟಿಒ ಕಚೇರಿಯಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು ವಿಳಾಸ ಬದಲಾಯಿಸಿರುವುದಿಲ್ಲ. ಕೆಲವಕ್ಕೆ ಹಿಂದಿನ ಮಾಲೀಕ ಯಾವಾಗಲೋ ಎಂಜಿನ್ ಬದಲಾಯಿಸಿ ಸುಮ್ನೆ ಇದ್ದುಬಿಟ್ಟಿರುತ್ತಾನೆ. ಹಳೆ ಪುಸ್ತಕದ ಆರ್‌ಸಿ ಇನ್ನೂ ಆನ್‌ಲೈನ್ ದಾಖಲೆಗೆ ಸೇರದೇ ಇರಬಹುದು. ಇವೆಲ್ಲ ಸರಿಯಾಗದೆ ಎಂಜಿನ್ ಅರ್ಜಿ ಮುಂದೆ ಹೋಗುವುದಿಲ್ಲ.

ಎಂಜಿನ್ ನಂಬರ್ ನೀವೇ ತೆಗೆದು ನೋಡಿ. ಎಂಜಿನ್ ಬ್ಲಾಕಿನ ಪಕ್ಕದಲ್ಲಿ ನಂಬರ್ ಕೊರೆದ ಸಣ್ಣ ಸಮತಟ್ಟು ಜಾಗ ಇರುತ್ತದೆ. ಅದರ ಮೇಲೆ ವರ್ಷಗಳ ಆಯಿಲ್, ಧೂಳು ಕೂತು ಗಟ್ಟಿಯಾಗಿರುತ್ತದೆ. ಸೀಮೆಎಣ್ಣೆ ಹಾಕಿದ ಬಟ್ಟೆಯಿಂದ ನೆನೆಸಿ ಒರೆಸಿ. ವೈರ್ ಬ್ರಷ್ ಬೇಡ, ಅಕ್ಷರ ಸವೆಯುತ್ತವೆ. ಪೂರ್ತಿ ಒಣಗಿದ ಮೇಲೆ ತೆಳು ಕಾಗದ ಒತ್ತಿ ಹಿಡಿದು ಪೆನ್ಸಿಲನ್ನು ಅಡ್ಡ ಮಲಗಿಸಿ ಉಜ್ಜಿ. ಅಂಕೆಗಳು ಬಿಳಿಯಾಗಿ ಮೂಡುತ್ತವೆ. ಆರ್‌ಟಿಒ ಕಚೇರಿಯಲ್ಲೂ ಇದೇ ಪೆನ್ಸಿಲ್ ಪ್ರಿಂಟ್ ಕೇಳುತ್ತಾರೆ. ಚಾಸಿಸ್ ನಂಬರಿನದೂ ತೆಗೆದಿಡಿ. ಒಂದು ಅಂಕೆ ಆಚೀಚೆ ಇದ್ದರೂ ಮೊದಲು ಅದನ್ನು ತಿದ್ದಿಸಿ.

ಹೆಜ್ಜೆ 2: ಕಾರಿಗೆ 50 ವರ್ಷ ಆಗಿದೆಯಾ?

ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಕಾರಿಗೆ ಬೇರೆ ದಾರಿ ಇದೆ. 2021ರಲ್ಲಿ ಬಂದ ವಿಂಟೇಜ್ ನಿಯಮದಂತೆ ನೋಂದಾಯಿಸಿದರೆ ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆಮೇಲೆ ಮತ್ತೆ ನೋಂದಣಿಗೆ 5,000 ರೂಪಾಯಿ. ಆದರೆ ಷರತ್ತು ಕಟ್ಟುನಿಟ್ಟು. ಎಂಜಿನ್, ಚಾಸಿಸ್, ಬಾಡಿ ಮೂಲ ರೂಪದಲ್ಲೇ ಇರಬೇಕು. ಗಾಡಿಯನ್ನು ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು. ದಿನಾ ಸೇಡಂ ರಸ್ತೆಯಲ್ಲಿ ಆಫೀಸಿಗೆ ಓಡಿಸುವಂತಿಲ್ಲ.

60ರ ದಶಕದ ಫಿಯೆಟ್ 1100, ಸ್ಟ್ಯಾಂಡರ್ಡ್ ಹೆರಾಲ್ಡ್ ಇದ್ದವರು ಈ ದಾರಿ ಹಿಡಿಯುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಆ ಕಾರಿಗೆ ಬೇರೆ ಎಂಜಿನ್ ಹಾಕಿದರೆ ಕಳೆದುಕೊಳ್ಳುವುದೇ ಜಾಸ್ತಿ.

ಹೆಜ್ಜೆ 3: ರಿಪೇರಿನಾ, ಬದಲಾವಣೆನಾ?

ಪದ್ಮಿನಿಯ ಎಂಜಿನ್ 1089 ಸಿಸಿ. ಬೋರ್ (ಸಿಲಿಂಡರಿನ ಒಳ ಅಗಲ) 68 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 75, ಸಿಲಿಂಡರ್ ನಾಲ್ಕು. ಬೋರ್ ಸವೆದರೆ ಲೇತಿನವರು ಕೊರೆದು ದೊಡ್ಡದು ಮಾಡಿ ಓವರ್‌ಸೈಜ್ ಪಿಸ್ಟನ್ ಹಾಕುತ್ತಾರೆ. ಅರ್ಧ ಮಿಲಿಮೀಟರ್ ದೊಡ್ಡದಾದರೆ ಸುಮಾರು 1106 ಸಿಸಿ, ಒಂದು ಮಿಲಿಮೀಟರ್ ಆದರೆ ಸುಮಾರು 1122 ಸಿಸಿ. ಹಾಗಾದರೆ ಆರ್‌ಸಿ ತಪ್ಪಾಯಿತಾ? ಗಾಡಿಯ ಮೂಲ ಲಕ್ಷಣವೇ ಬದಲಾಗುವಂಥ ರಚನೆಯ ಬದಲಾವಣೆಯನ್ನು ಮಾತ್ರ ಕಾಯ್ದೆ ಮಾರ್ಪಾಡು ಎಂದು ಕರೆಯುತ್ತದೆ. ಅದೇ ಬ್ಲಾಕು, ಅದೇ ನಂಬರು, ಸವೆತ ಸರಿಪಡಿಸಲು ಕೊರೆದದ್ದು. ಇದು ರಿಪೇರಿ. ಲೇತಿನ ಬಿಲ್ಲು ಮಾತ್ರ ಎತ್ತಿಡಿ.

ನಿಜ ಹೇಳಬೇಕೆಂದರೆ, ‘ಪಿಕಪ್ ಇಲ್ಲ, ದೊಡ್ಡ ಎಂಜಿನ್ ಬೇಕು’ ಅನ್ನುವ ಹೆಚ್ಚಿನವರಿಗೆ ಬೇಕಾದದ್ದು ಈ ಕೆಲಸವೇ. ರೀಬೋರ್, ವಾಲ್ವ್ ಕೂರಿಸುವುದು, ಕಾರ್ಬುರೇಟರ್ ಸರ್ವಿಸ್, ರೇಡಿಯೇಟರ್ ಒಳಗೆ ತೊಳೆಸುವುದು. ನಮ್ಮ ಮೇ ತಿಂಗಳ ಬಿಸಿಲಲ್ಲಿ ಕಟ್ಟಿಕೊಂಡ ರೇಡಿಯೇಟರ್ ಎಂಥ ಎಂಜಿನ್ನನ್ನೂ ಸುಸ್ತು ಮಾಡುತ್ತದೆ.

ಬ್ಲಾಕೇ ಒಡೆದಿದ್ದರೆ ಅದೇ ಕಂಪನಿಯ, ಅದೇ ಮಾದರಿಯ, ಅಷ್ಟೇ ಸಿಸಿಯ, ಅದೇ ಇಂಧನದ ಎಂಜಿನ್ ಹುಡುಕಿ. ಆಗ ಆರ್‌ಸಿಯಲ್ಲಿ ಬದಲಾಗುವುದು ನಂಬರ್ ಒಂದೇ.

ಸಿಸಿಯೇ ಬದಲಾಗುವುದಾದರೆ ವಿಷಯ ಬೇರೆ. ಪದ್ಮಿನಿಯೇ 1366 ಸಿಸಿ ಡೀಸೆಲ್‌ನಲ್ಲೂ ಬಂದಿತ್ತು. ಅಂಬಾಸಡರ್ 1489 ಸಿಸಿಯಲ್ಲಿದ್ದು ಆಮೇಲೆ 1817 ಸಿಸಿಯ ಇಸುಜು ಎಂಜಿನ್ನಲ್ಲಿ ಬಂತು. ‘ಕಂಪನಿಯೇ ಹಾಕಿತ್ತಲ್ಲ’ ಎಂಬ ವಾದಕ್ಕೆ ಇಲ್ಲಿ ಜಾಗವಿದೆ. ಆದರೆ ಅದು ನಿಮ್ಮ ಹಕ್ಕು ಅಂದುಕೊಳ್ಳಬೇಡಿ. ಆರ್‌ಟಿಒ ಕಚೇರಿಯಲ್ಲಿ ಬರವಣಿಗೆಯಲ್ಲೇ ಕೇಳಿ, ಬರವಣಿಗೆಯಲ್ಲೇ ಉತ್ತರ ಪಡೆಯಿರಿ. ಮಾರುತಿ 800ರ 796 ಸಿಸಿ ತೆಗೆದು ಎಸ್ಟೀಮ್‌ನ 1298 ಸಿಸಿ ಹಾಕುತ್ತೇನೆ ಅಂದರೆ ಆ ವಾದವೂ ನಿಲ್ಲುವುದಿಲ್ಲ, 800 ಯಾವತ್ತೂ ಆ ಎಂಜಿನ್ನಲ್ಲಿ ಬಂದಿಲ್ಲ.

ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿ ಕಿಟ್‌ಗಳಿಗೆ 52ನೇ ಕಲಮಿನಲ್ಲೇ ದಾರಿ ಇದೆ. ಕಿಟ್ ಮಾತ್ರ ಮಾನ್ಯತೆ ಪಡೆದದ್ದೇ ಆಗಿರಬೇಕು.

ಹೆಜ್ಜೆ 4: ಮೊದಲು ಅರ್ಜಿ, ಆಮೇಲೆ ಸ್ಪ್ಯಾನರ್

ಆರ್‌ಟಿಒ ಅನುಮತಿ ಮುಂಚೆಯೇ ಬೇಕು. ಕಾರಿನ ಮೇಲೆ ಸಾಲ ಇದ್ದರೆ ಸಾಲ ಕೊಟ್ಟವರ ಒಪ್ಪಿಗೆ ಪತ್ರವನ್ನೂ ಜೊತೆಗಿಡಿ. ಹಳೆ ಎಂಜಿನ್ ಕೊಳ್ಳುತ್ತಿದ್ದರೆ ಅದು ಯಾವ ಗಾಡಿಯದು ಎಂಬುದಕ್ಕೆ ಕಾಗದ ಬೇಕು. ಬಿಲ್ಲು, ಆ ಗಾಡಿಯ ಆರ್‌ಸಿ ರದ್ದಾದ ದಾಖಲೆ, ಅದು ಕಳವಿನದಲ್ಲ ಎಂಬುದಕ್ಕೆ ಪುರಾವೆ. ಗುಜರಿಯಲ್ಲಿ ಅಗ್ಗಕ್ಕೆ ಸಿಗುವ, ನಂಬರ್ ಉಜ್ಜಿದ ಎಂಜಿನ್ ಬಿಟ್ಟಿ ಕೊಟ್ಟರೂ ಬೇಡ.

ಎಂಜಿನ್ ಕೂರಿಸಿದ 14 ದಿನದೊಳಗೆ ಆರ್‌ಸಿ ಸಮೇತ ಕಚೇರಿಗೆ ತಿಳಿಸಬೇಕು. ಇನ್ಸ್‌ಪೆಕ್ಟರ್ ಗಾಡಿ ನೋಡಿ, ಪೆನ್ಸಿಲ್ ಪ್ರಿಂಟ್ ತಾಳೆ ಮಾಡಿದ ಮೇಲೆ ಆರ್‌ಸಿಯಲ್ಲಿ ಹೊಸ ನಂಬರ್ ಸೇರುತ್ತದೆ. ಹೊಗೆ ತಪಾಸಣೆಯನ್ನೂ ಹೊಸದಾಗಿ ಮಾಡಿಸಿ. ಬಿಎಸ್ 2 (ಭಾರತ್ ಸ್ಟೇಜ್ 2 ಎಂಬ ಹೊಗೆ ನಿಯಮ) ಬರುವುದಕ್ಕಿಂತ ಹಿಂದಿನ ಪೆಟ್ರೋಲ್ ಕಾರಿಗೆ ಕಾರ್ಬನ್ ಮೊನಾಕ್ಸೈಡ್ ಶೇ 3, ಹೈಡ್ರೋಕಾರ್ಬನ್ 1500 ಪಿಪಿಎಂ ಮಿತಿ. ಟ್ಯೂನಿಂಗ್ ಸರಿ ಇದ್ದರೆ ಇದೇನೂ ಕಷ್ಟವಲ್ಲ.

ಹೆಜ್ಜೆ 5: ವಿಮೆ

ಸಿಸಿಗೆ ನೇರ ಬೆಲೆ ಕಟ್ಟುವುದು ಇಲ್ಲೇ. 2022ರ ಜೂನ್‌ನಲ್ಲಿ ಜಾರಿಯಾದ ದರದಂತೆ ಖಾಸಗಿ ಕಾರಿನ ಥರ್ಡ್ ಪಾರ್ಟಿ ಪ್ರೀಮಿಯಂ 1000 ಸಿಸಿ ತನಕ 2,094 ರೂಪಾಯಿ, 1500 ಸಿಸಿ ತನಕ 3,416, ಅದರ ಮೇಲೆ 7,897. ಇದರ ಮೇಲೆ ಜಿಎಸ್‌ಟಿ ಲೆಕ್ಕ ಬೇರೆ. 796 ಸಿಸಿ ಅಂತ ಪ್ರೀಮಿಯಂ ಕಟ್ಟಿ ಒಳಗೆ 1298 ಸಿಸಿ ಇಟ್ಟುಕೊಂಡರೆ, ಅಪಘಾತದ ದಿನ ಸರ್ವೇಯರ್ ಎಂಜಿನ್ ನಂಬರ್ ಬರೆದುಕೊಳ್ಳುತ್ತಾರೆ ಅಲ್ವಾ, ಆಗ ಕ್ಲೇಮ್ ಕೈತಪ್ಪಬಹುದು. ಹೊಸ ಆರ್‌ಸಿ ಬಂದ ಕೂಡಲೇ ವಿಮೆ ಕಂಪನಿಗೆ ಪ್ರತಿ ಕೊಟ್ಟು ಪಾಲಿಸಿಯಲ್ಲಿ ನಂಬರ್ ತಿದ್ದಿಸಿ.

ಬ್ರೇಕ್ ಬಗ್ಗೆ ಒಂದು ಮಾತು. ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಹುಮನಾಬಾದ್ ಹತ್ತಿರದ ಹೆದ್ದಾರಿಯಲ್ಲಿ ಲಾರಿ ಹಿಂದೆ ಹೋಗುವಾಗ ಅದು ಮೂಲ ಎಂಜಿನ್‌ಗೇ ಸಾಲದು ಅನಿಸುತ್ತದೆ. ಡೀಸೆಲ್‌ಗೆ ಅನುಮತಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ತೂಕ ಮುಂದೆ ಬೀಳುತ್ತದೆ. ಲೈನಿಂಗ್, ವೀಲ್ ಸಿಲಿಂಡರ್, ಮುಂದಿನ ಸ್ಪ್ರಿಂಗ್ ನೋಡಿಸದೆ ಗ್ಯಾರೇಜಿನಿಂದ ಹೊರಗೆ ತರಬೇಡಿ.

ಬಿಚ್ಚಿದ ಹಳೆ ಎಂಜಿನ್ನನ್ನು ತಕ್ಷಣ ಗುಜರಿಗೆ ಹಾಕಬೇಡಿ. ತಪಾಸಣೆಯಲ್ಲಿ ಏನಾದರೂ ತಕರಾರು ಬಂದರೆ ಅದನ್ನೇ ವಾಪಸ್ ಕೂರಿಸಬೇಕಾಗುತ್ತದೆ. ಹೊಸ ನಂಬರಿನ ಆರ್‌ಸಿ ಕೈಗೆ ಬಂದ ಮೇಲೆ ಮಾರಿ, ಮಾರುವಾಗ ಅದರ ನಂಬರ್ ಬರೆಸಿ ರಸೀದಿ ತಗೊಳ್ಳಿ.